ಪಿಎಲ್-480: ಅಮೆರಿಕದ ಗೋಧಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅರವತ್ತು ದಾಟಿದವರ ಮುಂದೆ 'ಶಾಲೆ ಉಪ್ಪಿಟ್ಟು' ಅಂದು ನೋಡಿ. ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ. ಆ ಹಳದಿ ಬಣ್ಣ, ಎಣ್ಣೆಯ ವಾಸನೆ, ಡಬ್ಬದ ಮೇಲಿದ್ದ ಕೈಕುಲುಕುವ ಚಿತ್ರ ಎಲ್ಲಾ ನೆನಪಿರುತ್ತದೆ. ಅದು ಅಮೆರಿಕದಿಂದ ಬಂತು ಅನ್ನುವುದೂ ಗೊತ್ತು. ಯಾಕೆ ಬಂತು, ದುಡ್ಡು ಯಾರು ಕೊಟ್ಟರು ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಕಥೆ. 'ಧರ್ಮಕ್ಕೆ ಕೊಟ್ಟರು' ಅಂತ ಒಬ್ಬರು. 'ಹಂದಿಗೆ ಹಾಕುವುದನ್ನು ನಮಗೆ ಕಳಿಸಿದರು' ಅಂತ ಇನ್ನೊಬ್ಬರು. ನನಗೆ ಹೆಚ್ಚಾಗಿ ಬಂದಿರುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಪಿಎಲ್-480 ಅಂದರೇನು? ಹೆಸರು ಯಾಕೆ ಹೀಗೆ?

ಅಮೆರಿಕದಲ್ಲಿ ಮಿಕ್ಕಿದ ಧಾನ್ಯವನ್ನು ಬೇರೆ ದೇಶಗಳಿಗೆ ಮಾರಲು, ಕೊಡಲು ಮಾಡಿದ ಕಾನೂನು ಇದು. ಪಿಎಲ್ ಅಂದರೆ ಪಬ್ಲಿಕ್ ಲಾ. ಅಮೆರಿಕದ 83ನೇ ಕಾಂಗ್ರೆಸ್ (ಅಂದರೆ ಅಲ್ಲಿಯ ಸಂಸತ್ತು) ಪಾಸು ಮಾಡಿದ ಕಾನೂನುಗಳ ಪಟ್ಟಿಯಲ್ಲಿ ಇದರ ನಂಬರು 480. ಅಷ್ಟೇ. ಅಧ್ಯಕ್ಷ ಐಸೆನ್‌ಹೋವರ್ 1954ರ ಜುಲೈ 10ರಂದು ಸಹಿ ಹಾಕಿದರು. ಪೂರ್ತಿ ಹೆಸರಿನಲ್ಲಿ ಕೃಷಿ, ವ್ಯಾಪಾರ, ಅಭಿವೃದ್ಧಿ, ನೆರವು ಎಂಬ ನಾಲ್ಕು ಮಾತುಗಳಿವೆ. ಆ ಸಾಲಿನಲ್ಲಿ ನೆರವು ಕೊನೆಗೆ ಬರುತ್ತದೆ ಅನ್ನುವುದನ್ನು ಗಮನಿಸಿ. 'ಶಾಂತಿಗಾಗಿ ಆಹಾರ' ಅನ್ನುವ ಚೆಂದದ ಹೆಸರು ಆಮೇಲೆ ಅಂಟಿಕೊಂಡದ್ದು. 1961ರಲ್ಲಿ ಕೆನಡಿ ಅದಕ್ಕೊಂದು ಕಚೇರಿಯನ್ನೇ ತೆರೆದು ಜಾರ್ಜ್ ಮೆಕ್‌ಗವರ್ನ್ ಅವರನ್ನು ಮುಖ್ಯಸ್ಥರನ್ನಾಗಿ ಕೂರಿಸಿದರು.

ಅಮೆರಿಕಕ್ಕೆ ಇದ್ದಕ್ಕಿದ್ದ ಹಾಗೆ ಗೋಧಿ ಕೊಡುವ ಮನಸ್ಸು ಯಾಕೆ ಬಂತು?

ಇದಕ್ಕೆ ಉತ್ತರ ದೆಹಲಿಯಲ್ಲಿ ಸಿಗುವುದಿಲ್ಲ. ಕಾನ್ಸಸ್, ನೆಬ್ರಾಸ್ಕ, ಡಕೋಟಗಳ ಹೊಲಗಳಿಗೆ ಹೋಗಬೇಕು.

1930ರ ದಶಕದಲ್ಲಿ ಅಲ್ಲಿ ಬೆಳೆಗೆ ಬೆಲೆಯೇ ಇರಲಿಲ್ಲ. ರೈತರು ಜಮೀನು ಕಳೆದುಕೊಂಡು ಊರು ಬಿಟ್ಟರು. ಆಗ ರೂಸ್‌ವೆಲ್ಟ್ ಸರ್ಕಾರ ಬೆಂಬಲ ಬೆಲೆಯ ಏರ್ಪಾಡು ತಂದಿತು. ಇಷ್ಟು ಬೆಲೆಗಿಂತ ಕೆಳಗೆ ಇಳಿದರೆ ಸರ್ಕಾರವೇ ಕೊಳ್ಳುತ್ತದೆ ಅನ್ನುವ ಭರವಸೆ. ಕೊಳ್ಳುವ ಕೆಲಸಕ್ಕೆ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸಂಸ್ಥೆ 1933ರಲ್ಲೇ ಹುಟ್ಟಿತು. ಆಮೇಲೆ ಯುದ್ಧ ಬಂತು. ಯುರೋಪಿಗೆ ಎಷ್ಟು ಧಾನ್ಯ ಕಳಿಸಿದರೂ ಸಾಲದ ಕಾಲ. ಟ್ರ್ಯಾಕ್ಟರ್, ಗೊಬ್ಬರ, ಒಳ್ಳೆ ಬೀಜ ಎಲ್ಲಾ ಸೇರಿ ಇಳುವರಿ ಏರುತ್ತಲೇ ಹೋಯಿತು.

1953ರಲ್ಲಿ ಕೊರಿಯಾ ಯುದ್ಧ ನಿಂತಿತು. ಯುರೋಪಿನ ರೈತರು ಮತ್ತೆ ತಾವೇ ಬೆಳೆಯತೊಡಗಿದ್ದರು. ಅಮೆರಿಕದ ಗೋಧಿ ಕೊಳ್ಳುವವರು ಕಡಿಮೆಯಾದರು. ಬೆಂಬಲ ಬೆಲೆ ಮಾತ್ರ ಹಾಗೇ ಇತ್ತು. ರೈತ ಬೆಳೆದ, ಸರ್ಕಾರ ಕೊಂಡಿತು, ಗೋದಾಮು ತುಂಬಿತು. ಕೊನೆಗೆ ಎಲ್ಲಿ ಇಟ್ಟರು ಗೊತ್ತಾ? ನ್ಯೂಯಾರ್ಕ್ ಪಕ್ಕದ ಹಡ್ಸನ್ ನದಿಯಲ್ಲಿ ಎರಡನೇ ಮಹಾಯುದ್ಧದ ಹಳೇ ಸರಕು ಹಡಗುಗಳು ಸಾಲಾಗಿ ಲಂಗರು ಹಾಕಿ ನಿಂತಿದ್ದವು. ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿದ್ದ ಆ ಹಡಗುಗಳ ಹೊಟ್ಟೆಗೆ ಸಾವಿರಾರು ಟನ್ ಗೋಧಿ ಸುರಿದು ಬಾಗಿಲು ಮುಚ್ಚಿದರು. ಹತ್ತು ವರ್ಷದ ಹತ್ತಿರ ಈ ನದಿ ಗೋದಾಮು ನಡೆಯಿತು.

ಬೆಂಬಲ ಬೆಲೆ ತೆಗೆದರೆ ರೈತರ ಓಟು ಹೋಗುತ್ತದೆ. ಗೋಧಿಯನ್ನು ಸುಟ್ಟರೆ ಲೋಕವೇ ಉಗಿಯುತ್ತದೆ. ಅಗ್ಗಕ್ಕೆ ಮಾರುಕಟ್ಟೆಗೆ ಬಿಟ್ಟರೆ ಕೆನಡಾ, ಆಸ್ಟ್ರೇಲಿಯಾ ಜಗಳಕ್ಕೆ ಬರುತ್ತವೆ. ಡಾಲರ್ ಕೊಟ್ಟು ಕೊಳ್ಳಲಾಗದ ಬಡ ದೇಶಗಳಿಗೆ, ಅವರವರ ದೇಶದ ಹಣಕ್ಕೇ ಮಾರೋಣ ಅನ್ನುವ ಉಪಾಯ ಬಂದದ್ದು ಈ ಇಕ್ಕಟ್ಟಿನಲ್ಲಿ. ಆ ಉಪಾಯಕ್ಕೆ ರೈತ ಸಂಘಟನೆಯಾದ ಫಾರ್ಮ್ ಬ್ಯೂರೋದ ಒತ್ತಾಸೆ ಇತ್ತು. ಹಡಗು ಕಂಪನಿಗಳೂ ಖುಷಿ. ಇಂಥ ಸರಕಿನಲ್ಲಿ ಕನಿಷ್ಠ ಅರ್ಧದಷ್ಟು ಅಮೆರಿಕದ ಬಾವುಟ ಹಾರಿಸುವ ಹಡಗಿನಲ್ಲೇ ಹೋಗಬೇಕು ಅಂತ ಅದೇ ವರ್ಷ ಇನ್ನೊಂದು ಕಾನೂನು ಬಂತು. ಬರ್ಮಾದಲ್ಲೋ ಬಿಹಾರದಲ್ಲೋ ಯಾರೋ ಹಸಿದಿದ್ದಾರೆ ಅನ್ನುವುದು ಈ ಲೆಕ್ಕದಲ್ಲಿ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಪಟ್ಟಿಯ ಮೊದಲ ಸಾಲಿನಲ್ಲಿ ಇರಲಿಲ್ಲ.

ಅದಕ್ಕೂ ಮುಂಚೆ ಭಾರತ ಅಮೆರಿಕದ ಹತ್ತಿರ ಧಾನ್ಯ ಕೇಳಿತ್ತಾ?

ಕೇಳಿತ್ತು. ಆ ಅನುಭವ ಅಷ್ಟು ಸಿಹಿಯಾಗಿರಲಿಲ್ಲ. 1950ರ ಕೊನೆಗೆ ಬರ, ಪ್ರವಾಹ ಎರಡೂ ಒಟ್ಟಿಗೆ ಬಡಿದಾಗ ನೆಹರೂ ಸರ್ಕಾರ 20 ಲಕ್ಷ ಟನ್ ಧಾನ್ಯ ಕೇಳಿತು. ಅಧ್ಯಕ್ಷ ಟ್ರೂಮನ್ ಒಪ್ಪಿದರು. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಾತ್ರ ಎಳೆದಾಟ ಶುರುವಾಯಿತು. ಕೊರಿಯಾ ಯುದ್ಧದಲ್ಲಿ ಭಾರತ ನಮ್ಮ ಪಕ್ಕ ನಿಲ್ಲಲಿಲ್ಲವಲ್ಲ, ಅವರಿಗೆ ಯಾಕೆ ಕೊಡಬೇಕು ಅಂತ ಕೆಲವರು. ಕೊಟ್ಟರೆ ಕೇರಳದ ಕರಾವಳಿಯಲ್ಲಿ ಸಿಗುವ, ಥೋರಿಯಂ ಇರುವ ಮೊನಜೈಟ್ ಮರಳನ್ನು ಬದಲಿಗೆ ಕೇಳೋಣ ಅಂತ ಇನ್ನು ಕೆಲವರು. ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಅಷ್ಟರಲ್ಲಿ ಸೋವಿಯತ್ ಗೋಧಿ ಹಡಗು ಬಂದು ಪತ್ರಿಕೆಗಳಲ್ಲಿ ಹೆಸರು ಮಾಡಿತು. ಅಮೆರಿಕದ್ದಕ್ಕೆ ಹೋಲಿಸಿದರೆ ಅದು ಚೂರು ಅಷ್ಟೇ.

ಕೊನೆಗೆ 1951ರ ಜೂನ್ 15ರಂದು ಟ್ರೂಮನ್ ಸಹಿ ಹಾಕಿದ್ದು ದಾನಕ್ಕಲ್ಲ, 19 ಕೋಟಿ ಡಾಲರ್ ಸಾಲಕ್ಕೆ. ಆ ಸಾಲದ ಬಡ್ಡಿಯಲ್ಲಿ 50 ಲಕ್ಷ ಡಾಲರನ್ನು ವಿದ್ಯೆಗೆ ಅಂತ ತೆಗೆದಿಟ್ಟರು. ಅದರಲ್ಲಿ ಅಮೆರಿಕದ ಪುಸ್ತಕಗಳು ಭಾರತದ ವಿಶ್ವವಿದ್ಯಾಲಯಗಳಿಗೆ ಬಂದವು. ಹಳೇ ಲೈಬ್ರರಿಗಳಲ್ಲಿ 'ಗೋಧಿ ಸಾಲ'ದ ಚೀಟಿ ಅಂಟಿಸಿದ ಪುಸ್ತಕ ಕೈಗೆ ಸಿಕ್ಕರೆ ಅದರ ಹಿಂದಿನ ಕಥೆ ಇದು.

ಸರಿ, ಪಿಎಲ್-480 ಗೋಧಿ ಪುಕ್ಕಟೆ ಬಂತಾ, ದುಡ್ಡು ಕೊಟ್ಟಿದ್ದಾ?

ಎರಡೂ. ಬಹುಪಾಲು ದುಡ್ಡು ಕೊಟ್ಟದ್ದು.

ಕಾನೂನಿನ ಒಂದನೇ ಭಾಗದಡಿ ಭಾರತ ಗೋಧಿ ಕೊಂಡು ರೂಪಾಯಿಯಲ್ಲಿ ಹಣ ಕಟ್ಟುತ್ತಿತ್ತು. ಆ ರೂಪಾಯಿ ಅಮೆರಿಕಕ್ಕೆ ಹೋಗುತ್ತಿರಲಿಲ್ಲ. ಅವರ ಹೆಸರಿನಲ್ಲಿ ಇಲ್ಲೇ ಭಾರತದಲ್ಲೇ ಕೂರುತ್ತಿತ್ತು. ಅದರಲ್ಲಿ ದೊಡ್ಡ ಪಾಲನ್ನು ಅಮೆರಿಕ ಮತ್ತೆ ಭಾರತ ಸರ್ಕಾರಕ್ಕೇ ಸಾಲವಾಗಿ, ಅನುದಾನವಾಗಿ ಕೊಡುತ್ತಿತ್ತು. ಒಂದಿಷ್ಟನ್ನು ರಾಯಭಾರ ಕಚೇರಿಯ ಖರ್ಚಿಗೆ ಇಟ್ಟುಕೊಳ್ಳುತ್ತಿತ್ತು. ಇನ್ನೊಂದಿಷ್ಟು ಖಾಸಗಿ ಕಂಪನಿಗಳಿಗೆ ಸಾಲ. ಅದನ್ನು 'ಕೂಲಿ ಸಾಲ' ಅನ್ನುತ್ತಿದ್ದರು. ನಮ್ಮ ಕೂಲಿನಾಲಿ ಅಲ್ಲ, ಹೆರಾಲ್ಡ್ ಕೂಲಿ ಅಂತ ಅಮೆರಿಕದ ಸಂಸದರೊಬ್ಬರ ಹೆಸರು.

ಎರಡನೇ ಭಾಗ ನಿಜವಾದ ದಾನ. ಬರ, ಪ್ರವಾಹ, ಶಾಲಾ ಮಕ್ಕಳ ಊಟ ಇಂಥದ್ದಕ್ಕೆ. ಅದು ಕೇರ್‌ನಂಥ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಬರುತ್ತಿತ್ತು. ಅಂದರೆ ರೇಷನ್ ಅಂಗಡಿಯ ಗೋಧಿ ಕೊಂಡದ್ದು, ಶಾಲೆಯ ಉಪ್ಪಿಟ್ಟು ಕೊಟ್ಟದ್ದು. ಈ ವ್ಯತ್ಯಾಸ ಒಂದು ನೆನಪಿಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಎಷ್ಟು ಬಂತು?

ಭಾರತದ ಜೊತೆ ಮೊದಲ ಒಪ್ಪಂದ 1956ರ ಆಗಸ್ಟ್‌ನಲ್ಲಿ ಆಯಿತು. ದೊಡ್ಡದು 1960ರ ಮೇ 4ರದ್ದು. ಆಹಾರ ಮಂತ್ರಿ ಎಸ್.ಕೆ. ಪಾಟೀಲ್ ವಾಷಿಂಗ್ಟನ್‌ಗೆ ಹೋಗಿ ಸಹಿ ಹಾಕಿದರು. ಆ ಕಡೆಯಿಂದ ಸ್ವತಃ ಐಸೆನ್‌ಹೋವರ್ ಸಹಿ. ನಾಲ್ಕು ವರ್ಷದಲ್ಲಿ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. 1966ರಲ್ಲಿ ಭಾರತ ಎಲ್ಲ ಕಡೆಯಿಂದ ಸೇರಿ ತರಿಸಿದ ಧಾನ್ಯ ಒಂದು ಕೋಟಿ ಟನ್ ದಾಟಿತು. ಅದರಲ್ಲಿ ಬಹುಪಾಲು ಅಮೆರಿಕದ್ದು.

ಹಂದಿಗೆ ಹಾಕುವ ಗೋಧಿ ಕಳಿಸಿದರು ಅನ್ನುತ್ತಾರಲ್ಲ?

ಗೋಧಿಯ ವಿಷಯದಲ್ಲಿ ಇದು ಸುಮ್ನೆ ಮಾತು. ಬಂದದ್ದು ಅಲ್ಲಿಯವರೇ ಬ್ರೆಡ್ಡು ಮಾಡಿ ತಿನ್ನುವ ಗಟ್ಟಿ ಕೆಂಪು ಗೋಧಿ. ನಮ್ಮ ಜನಕ್ಕೆ ಬೇಕಾದದ್ದು ಹೊಂಬಣ್ಣದ್ದು. ಚಪಾತಿಗೆ ಒಗ್ಗಲಿಲ್ಲ, ಬಣ್ಣ ಹಿಡಿಸಲಿಲ್ಲ. ಹಳೇ ಮೈಸೂರಿನ ಮುದ್ದೆ ಉಣ್ಣುವ ಮನೆಗಳಲ್ಲಂತೂ ಗೋಧಿಯನ್ನು ಏನು ಮಾಡಬೇಕು ಅನ್ನುವುದೇ ಪ್ರಶ್ನೆಯಾಗಿತ್ತು.

ಆದರೆ ಮಿಲೋ ಅಂತ ಒಂದು ಕೆಂಪು ಜೋಳವೂ ಬಂತು. ಅದು ಅಮೆರಿಕದಲ್ಲಿ ಹೆಚ್ಚಾಗಿ ದನಕ್ಕೆ, ಕೋಳಿಗೆ ಹಾಕುವ ಧಾನ್ಯ. ಮಾತು ಹುಟ್ಟಿದ್ದು ಅಲ್ಲಿಂದ ಇರಬೇಕು. ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಜೋಳ ಮನುಷ್ಯರ ಊಟ ಅಂತ ಹೇಳಿಕೊಡಬೇಕಿಲ್ಲ. ಅವಮಾನ ಅನ್ನಿಸಿದ್ದು ಕಾಳಿಗಲ್ಲ, ಅವರ ದೊಡ್ಡಿಯಿಂದ ಬಂತಲ್ಲ ಅನ್ನುವುದಕ್ಕೆ.

ಶಾಲೆಯ ಹಳದಿ ಉಪ್ಪಿಟ್ಟಿನಲ್ಲಿ ಏನಿತ್ತು?

ಕಾಲಕ್ಕೆ ತಕ್ಕ ಹಾಗೆ ಬೇರೆ ಬೇರೆ. ಮೊದಲು ಹಾಲಿನ ಪುಡಿ ಬಂತು. ಆಮೇಲೆ ಬಲ್ಗರ್, ಅಂದರೆ ಗೋಧಿಯನ್ನು ಬೇಯಿಸಿ ಒಣಗಿಸಿ ಒಡೆದ ನುಚ್ಚು. 1966ರಿಂದ ಈಚೆಗೆ ಸಿಎಸ್‌ಎಂ ಎಂಬ ಪುಡಿ. ಮೆಕ್ಕೆಜೋಳದ ಹಿಟ್ಟು, ಸೋಯಾ ಹಿಟ್ಟು, ಹಾಲಿನ ಪುಡಿ ಬೆರೆಸಿದ್ದು. ಹಳದಿ ಬಣ್ಣ ಮೆಕ್ಕೆಜೋಳದ್ದು, ಅರಿಶಿನದ್ದಲ್ಲ. ಒಗ್ಗರಣೆಗೆ ಬಂದದ್ದು ಅಲ್ಲಿಯ ಸಂಸ್ಕರಿಸಿದ ಎಣ್ಣೆ. ಕಡಲೆಕಾಯಿ ಎಣ್ಣೆಗೆ ಒಗ್ಗಿದ ಮೂಗಿಗೆ ಅದರ ವಾಸನೆ ಬೇರೆ ಅನ್ನಿಸಿದ್ದು ಸಹಜ.

ಕೇರ್ ಸಂಸ್ಥೆ 1945ರಲ್ಲಿ ಯುದ್ಧದಿಂದ ಜರ್ಜರಿತವಾದ ಯುರೋಪಿಗೆ ಊಟದ ಪೊಟ್ಟಣ ಕಳಿಸಲು ಹುಟ್ಟಿದ್ದು. 1950ರಲ್ಲಿ ಭಾರತಕ್ಕೆ ಬಂತು. ಮೂಟೆಗಳ ಮೇಲೆ, ಎಣ್ಣೆ ಡಬ್ಬಗಳ ಮೇಲೆ ಒಂದು ಗುರಾಣಿ, ಅದರಲ್ಲಿ ಕೈಕುಲುಕುವ ಎರಡು ಕೈ. ಕೆಳಗೆ ಇಂಗ್ಲಿಷಿನಲ್ಲಿ 'ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ' ಎಂಬ ಅರ್ಥದ ಬರಹ.

ನಮ್ಮ ಅಪ್ಪ ಓದಿದ ಹಳ್ಳಿ ಶಾಲೆಯಲ್ಲಿ ಮಕ್ಕಳು ಮನೆಯಿಂದ ತಟ್ಟೆ ತರಬೇಕಿತ್ತು. ತರದವರಿಗೆ ಮುತ್ತುಗದ ಎಲೆ. ಅಡುಗೆ ಮೂರು ಕಲ್ಲಿನ ಒಲೆಯಲ್ಲಿ, ಸೌದೆ ಮಕ್ಕಳೇ ಆರಿಸಿ ತರುವುದು. ಮೇಷ್ಟ್ರು ಅಳತೆಗೆ ಒಂದು ಲೋಟ ಇಟ್ಟುಕೊಂಡಿದ್ದರಂತೆ. ದೊಡ್ಡ ಕ್ಲಾಸಿನ ಹುಡುಗರಿಗೆ ತಲೆ ತಟ್ಟಿದ ಲೋಟ, ಚಿಕ್ಕವರಿಗೆ ಗೀರಿದ ಲೋಟ. ಖಾಲಿಯಾದ ಎಣ್ಣೆ ಡಬ್ಬ ಯಾರ ಮನೆಗೆ ಹೋಗಬೇಕು ಅನ್ನುವುದೇ ಊರಿನಲ್ಲಿ ಒಂದು ಪಂಚಾಯಿತಿ. 'ಮಾರುವಂತಿಲ್ಲ' ಅಂತ ಬರೆದದ್ದು ಓದಲು ಊರಿನಲ್ಲಿ ಮೇಷ್ಟ್ರೊಬ್ಬರಿಗೇ ಬರುತ್ತಿತ್ತು. ಅವರೂ ಓದಿ ಹೇಳುತ್ತಿರಲಿಲ್ಲ ಅಂತ ಅಪ್ಪ ನಗುತ್ತಾರೆ. ಡಬ್ಬ ನಮ್ಮ ಮನೆಯಲ್ಲಿ ತುಂಬಾ ವರ್ಷ ನೀರು ಸೇದಿತು. ಕೈಕುಲುಕುವ ಚಿತ್ರ ಮಾಸಿ, ಕೊನೆಗೆ ಹೆಬ್ಬೆರಳುಗಳಷ್ಟೇ ಉಳಿದಿದ್ದವಂತೆ.

ಜಾನ್ಸನ್ ಭಾರತವನ್ನು ಹಸಿವಿನಿಂದ ಆಟವಾಡಿಸಿದರು ಅನ್ನುವುದು ನಿಜವೇ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

1964-65ರಲ್ಲಿ ಭಾರತ ಬೆಳೆದ ಆಹಾರ ಧಾನ್ಯ 8.9 ಕೋಟಿ ಟನ್. ಮುಂದಿನ ವರ್ಷ ಮಳೆ ಕೈಕೊಟ್ಟು ಅದು 7.2 ಕೋಟಿಗೆ ಇಳಿಯಿತು. 1966ರಲ್ಲೂ ಬಿಹಾರದಲ್ಲಿ ಮಳೆಯಿಲ್ಲ. ಪ್ರಧಾನಿ ಶಾಸ್ತ್ರಿ ಸೋಮವಾರ ರಾತ್ರಿ ಊಟ ಬಿಡಿ ಅಂತ ದೇಶವನ್ನು ಕೇಳಿಕೊಂಡರು. ನಡುವೆ 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಹಳೇ ದೀರ್ಘ ಒಪ್ಪಂದದ ಅವಧಿ ಅದೇ ವರ್ಷ ಮುಗಿದಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸದಾಗಿ ವರ್ಷಗಳ ಲೆಕ್ಕದಲ್ಲಿ ಕೊಡಲು ಒಪ್ಪಲಿಲ್ಲ. ಒಂದೆರಡು ತಿಂಗಳಿಗೆ ಆಗುವಷ್ಟು, ಅದೂ ತಾನೇ ನೋಡಿ ಸಹಿ ಹಾಕಿದ ಮೇಲೆ. ವಾಷಿಂಗ್ಟನ್‌ನಲ್ಲಿ ಇದಕ್ಕೆ 'ಗಿಡ್ಡ ಹಗ್ಗ' ಅಂತಲೇ ಹೆಸರಿತ್ತು. ಗೂಟಕ್ಕೆ ಕಟ್ಟಿದ ದನದ ಹಗ್ಗ, ಮೇಯಲು ಸಿಗುವುದು ಹಗ್ಗದಷ್ಟೇ ಜಾಗ.

ಇದರ ಪರಿಣಾಮ ಬಂದರಿನಲ್ಲಿ ಕಾಣುತ್ತಿತ್ತು. 'ಹಡಗಿನಿಂದ ಬಾಯಿಗೆ' ಅನ್ನುವ ಮಾತು ಬಂದದ್ದು ಆಗ. ಗೋದಾಮಿನಲ್ಲಿ ದಾಸ್ತಾನು ಇಲ್ಲ. ಹಡಗು ಬಂತು, ಇಳಿಸಿದರು, ರೈಲಿಗೆ ತುಂಬಿದರು, ರೇಷನ್ ಅಂಗಡಿಗೆ ಹೋಯಿತು. ಒಂದು ಹಡಗು ತಡವಾದರೆ ಒಂದು ಜಿಲ್ಲೆಗೆ ಧಾನ್ಯ ತಪ್ಪುತ್ತದೆ. ಭಾರತ ಆಹಾರ ನಿಗಮ 1965ರ ಜನವರಿಯಲ್ಲಿ ಹುಟ್ಟಿದ್ದು ಇಂಥ ದಿನಗಳಲ್ಲೇ. ಅದರ ಮೊದಲ ಅಧ್ಯಕ್ಷರು ಮಣಿಪಾಲದ ಟಿ.ಎ. ಪೈ.

ಜಾನ್ಸನ್ ಏನು ಬಯಸುತ್ತಿದ್ದರು? ಒಂದು, ಭಾರತ ಕಾರ್ಖಾನೆಗಳ ಹಿಂದೆ ಬಿದ್ದು ಹೊಲವನ್ನು ಮರೆತಿದೆ, ಬೇಸಾಯಕ್ಕೆ ಹಣ ಹಾಕಲಿ ಅನ್ನುವುದು. ಎರಡು, ಕೆನಡಾ, ಆಸ್ಟ್ರೇಲಿಯಾ, ಯುರೋಪಿನವರೂ ಹೊರೆ ಹೊರಲಿ ಅನ್ನುವುದು. ಇವೆರಡಕ್ಕೂ ಅರ್ಥವಿದೆ. 1965ರ ನವೆಂಬರ್‌ನಲ್ಲಿ ಅವರ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್, ನಮ್ಮ ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ರೋಮ್‌ನಲ್ಲಿ ಗುಟ್ಟಾಗಿ ಕೂತು ಬೇಸಾಯದ ಸುಧಾರಣೆಗಳ ಬಗ್ಗೆ ಒಪ್ಪಂದ ಮಾಡಿಕೊಂಡರು. ಸುಬ್ರಮಣ್ಯಂ ಅವರಿಗೂ ಅದೇ ಬೇಕಿತ್ತು. ದೆಹಲಿಯಲ್ಲಿ ತನ್ನವರನ್ನೇ ಒಪ್ಪಿಸಲು ಅವರಿಗೆ ಈ ಒಪ್ಪಂದ ಒಳ್ಳೇ ನೆಪವಾಯಿತು.

ಮೂರನೆಯದು ವಿಯೆಟ್ನಾಂ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಬಾಂಬು ಹಾಕುವುದನ್ನು ನಿಲ್ಲಿಸಿ ಅಂತ ಭಾರತ ಹೇಳುತ್ತಿತ್ತು. 1966ರ ಜುಲೈನಲ್ಲಿ ಇಂದಿರಾ ಗಾಂಧಿ ಮಾಸ್ಕೋದಲ್ಲಿ ಸೋವಿಯತ್ ನಾಯಕರ ಜೊತೆ ಹೊರಡಿಸಿದ ಹೇಳಿಕೆಯಲ್ಲಿ ಸಾಮ್ರಾಜ್ಯಶಾಹಿಗಳ ಆಕ್ರಮಣದ ಮಾತು ಬಂತು. ಜಾನ್ಸನ್ ಕೆರಳಿದರು. ಪೋಪ್ ಕೂಡ, ವಿಶ್ವಸಂಸ್ಥೆಯ ಊ ಥಾಂಟ್ ಕೂಡ ಇದನ್ನೇ ಹೇಳಿದ್ದಾರಲ್ಲ ಅಂತ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್ ಸಮಾಧಾನ ಮಾಡಲು ಹೋದರೆ, ಅವರಿಬ್ಬರಿಗೂ ನಮ್ಮ ಗೋಧಿ ಬೇಕಿಲ್ಲವಲ್ಲ ಅಂತ ಉತ್ತರ ಬಂತು ಅನ್ನುವ ಕಥೆ ಇವತ್ತಿಗೂ ಓಡಾಡುತ್ತದೆ.

ಇನ್ನೊಂದು ಮುಖವೂ ಇದೆ. ಭಾರತದ ಯಾವ ಮೂಲೆಯಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ಜಾನ್ಸನ್ ಬಿಡದೆ ನೋಡುತ್ತಿದ್ದರು. ಟೆಕ್ಸಸ್‌ನ ಒಣಭೂಮಿಯಲ್ಲಿ ಹುಟ್ಟಿದ ಮನುಷ್ಯ, ಬರ ಅಂದರೆ ಏನು ಅಂತ ಗೊತ್ತಿತ್ತು. ಹಡಗು ತಡವಾಯಿತು, ನಿಲ್ಲಲಿಲ್ಲ. ಬಿಹಾರದಲ್ಲಿ 1967ರಲ್ಲಿ ಸರ್ಕಾರವೇ ಕ್ಷಾಮ ಘೋಷಿಸಿತು. ಆದರೂ 1943ರ ಬಂಗಾಳದಂಥ ಸಾವು ಆಗಲಿಲ್ಲ. ಅದಕ್ಕೆ ಅಮೆರಿಕದ ಗೋಧಿ ದೊಡ್ಡ ಕಾರಣ. ಜಯಪ್ರಕಾಶ್ ನಾರಾಯಣ್ ಅವರ ಪರಿಹಾರ ಸಮಿತಿ, ಊರೂರಿನ ಗಂಜಿ ಕೇಂದ್ರಗಳು, ಸರ್ಕಾರದ ರೇಷನ್ ಇನ್ನೊಂದು ಕಾರಣ. ಆಡಿಸಿದ್ದೂ ಹೌದು, ಕೊಟ್ಟದ್ದೂ ಹೌದು. ನನ್ನ ಕೇಳಿದರೆ, ಬೇಸಾಯದ ಷರತ್ತಿಗೆ ಅವರನ್ನು ಬೈಯುವುದಿಲ್ಲ, ವಿಯೆಟ್ನಾಂ ಸಿಟ್ಟಿಗೆ ಹಗ್ಗ ಎಳೆದದ್ದಕ್ಕೆ ಬೈಯುತ್ತೇನೆ.

1966ರಲ್ಲಿ ರೂಪಾಯಿ ಬೆಲೆ ಇಳಿಸಿದ್ದೂ ಇದಕ್ಕೇನಾ?

ಇದೊಂದೇ ಕಾರಣ ಅಲ್ಲ, ನಂಟು ಇದೆ. ಇಂದಿರಾ ಗಾಂಧಿ ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿಬಂದರು. ಜೂನ್ 6ರಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಹೋಯಿತು. ವಿಶ್ವಬ್ಯಾಂಕ್, ಐಎಂಎಫ್, ಅಮೆರಿಕ ಮೂವರ ಒತ್ತಡವೂ ಇತ್ತು. ಕೊಡುತ್ತೇವೆ ಅಂದಿದ್ದ ನೆರವು ಪೂರ್ತಿ ಬರಲಿಲ್ಲ. ಇಂದಿರಾ ಅದನ್ನು ಮರೆಯಲಿಲ್ಲ.

ಹಾಗಾದರೆ ಹಸಿರು ಕ್ರಾಂತಿ ಈ ಅವಮಾನದಿಂದ ಹುಟ್ಟಿತೇ?

ಭಾಷಣಕ್ಕೆ ಚೆನ್ನಾಗಿದೆ. ಅವಮಾನ ಆತುರ ತಂದಿತು, ಬೀಜ ಬಂದದ್ದು ಬೇರೆ ದಾರಿಯಲ್ಲಿ. ನಾರ್ಮನ್ ಬೋರ್ಲಾಗ್ ಎಂಬ ಅಮೆರಿಕದ ವಿಜ್ಞಾನಿ ಮೆಕ್ಸಿಕೋದಲ್ಲಿ ಗಿಡ್ಡ ಗೋಧಿ ತಳಿ ಬೆಳೆಸಿದ್ದರು. ಹಿಂದೆ ರಾಕ್‌ಫೆಲರ್ ಪ್ರತಿಷ್ಠಾನದ ಹಣ. ಎಂ.ಎಸ್. ಸ್ವಾಮಿನಾಥನ್ ಅವರಂಥವರು ಅದನ್ನು ಇಲ್ಲಿ ಪರೀಕ್ಷೆ ಮಾಡಿದ್ದರು. 1966ರಲ್ಲಿ ಸುಬ್ರಮಣ್ಯಂ ಧೈರ್ಯ ಮಾಡಿ 18,000 ಟನ್ ಬಿತ್ತನೆ ಬೀಜ ತರಿಸಿದರು. 1967-68ರಲ್ಲಿ ದೇಶದ ಒಟ್ಟು ಆಹಾರ ಧಾನ್ಯದ ಬೆಳೆ 9.5 ಕೋಟಿ ಟನ್, 1970-71ರಲ್ಲಿ 10.8 ಕೋಟಿ. ಮೆಕ್ಸಿಕೋದ ಆ ಗೋಧಿಯೂ ಮೊದಲು ಕೆಂಪಗೇ ಇತ್ತು ಅನ್ನುವುದು ತಮಾಷೆ. ಜನಕ್ಕೆ ಹಿಡಿಸುವ ಹೊಂಬಣ್ಣಕ್ಕೆ ತರಲು ಇಲ್ಲಿನ ವಿಜ್ಞಾನಿಗಳು ಮತ್ತೆ ಕೆಲಸ ಮಾಡಬೇಕಾಯಿತು.

ಅಗ್ಗದ ಗೋಧಿ ಬಂದು ನಮ್ಮ ರೈತರು ಹಾಳಾದರಾ?

ಈ ವಾದವನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಅಮೆರಿಕದವರೇ ಇದ್ದಾರೆ. ಷಿಕಾಗೋದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಸ್ 1960ರಲ್ಲೇ ಇದನ್ನು ಹೇಳಿದರು. ಹೊರಗಿನ ಧಾನ್ಯ ಬೆಲೆ ತಗ್ಗಿಸುತ್ತದೆ, ರೈತ ಬೆಳೆಯುವ ಉತ್ಸಾಹ ಕಳೆದುಕೊಳ್ಳುತ್ತಾನೆ ಅಂತ. ಅದಕ್ಕಿಂತ ದೊಡ್ಡ ನಷ್ಟ ಸರ್ಕಾರದ ಸೋಮಾರಿತನ ಅನ್ನುವುದು ನನ್ನ ಅಭಿಪ್ರಾಯ. ಹಡಗು ಬರುತ್ತದೆ ಅಂತ ಗೊತ್ತಿದ್ದಾಗ ನೀರಾವರಿ, ಗೊಬ್ಬರ, ಬೆಲೆ ಇವು ಮುಂದಿನ ವರ್ಷಕ್ಕೆ ಹೋಗುತ್ತವೆ. ಪೇಟೆಯ ರೇಷನ್ ಕಾರ್ಡಿನವರಿಗೆ ಲಾಭ, ಬೆಳೆದು ಮಾರುವವನಿಗೆ ನಷ್ಟ. ಬೆಳೆ ಬೆಲೆ ಗೊತ್ತುಮಾಡುವ ಆಯೋಗ ಬಂದದ್ದೇ 1965ರಲ್ಲಿ, ಕುತ್ತಿಗೆಗೆ ಬಂದ ಮೇಲೆ.

ಕಾಂಗ್ರೆಸ್ ಗಿಡ ಈ ಗೋಧಿಯ ಜೊತೆ ಬಂತಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಪಾರ್ಥೇನಿಯಂ ಅಮೆರಿಕ ಖಂಡದ ಗಿಡ ಅನ್ನುವುದು ಖಚಿತ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ದೇಶವಿಡೀ ಹಬ್ಬಿತು. ಕಾಲ ಹೊಂದುತ್ತದೆ, ಹಾಗಾಗಿ ಗೋಧಿಯ ಮೂಟೆಯಲ್ಲಿ ಬೀಜ ಬಂತು ಅನ್ನುವ ಮಾತು ಬಲವಾಯಿತು. ಆದರೆ 1814ರಷ್ಟು ಹಿಂದೆಯೇ ಕಲ್ಕತ್ತದ ಸಸ್ಯೋದ್ಯಾನದ ಪಟ್ಟಿಯಲ್ಲಿ ಈ ಗಿಡದ ಹೆಸರಿದೆ. ಮತ್ತೆ ಮತ್ತೆ ಬಂದಿರಬಹುದು, ಗೋಧಿಯ ಜೊತೆಗೂ ಬಂದಿರಬಹುದು. ಹೆಸರಿನ 'ಕಾಂಗ್ರೆಸ್' ಅಮೆರಿಕದ ಕಾಂಗ್ರೆಸ್ಸೋ ನಮ್ಮದೋ ಅಂತ ಜಗಳವಾಡುವವರೂ ಇದ್ದಾರೆ. ಬಿಳಿ ಹೂ ಬಿಳಿ ಟೋಪಿಯ ಹಾಗೆ ಕಾಣುತ್ತದೆ ಅನ್ನುವ ವಿವರಣೆಯೇ ಊರಲ್ಲಿ ಚಾಲ್ತಿ. ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ದುಂಬಿ ತಿಂದಿತು. ಗಿಡವೂ ಇದೆ.

ಅಮೆರಿಕದ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕ ಇರುವುದಕ್ಕೂ ಗೋಧಿಗೂ ಏನು ಸಂಬಂಧ?

ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅಮೆರಿಕದ ಖಾತೆಯಲ್ಲಿ ರೂಪಾಯಿ ರಾಶಿ ಬಿದ್ದಿತ್ತು, ಅದನ್ನು ಭಾರತದಲ್ಲೇ ಖರ್ಚು ಮಾಡಬೇಕಿತ್ತು. 1958ರಲ್ಲಿ ಕಾನೂನಿಗೆ ಒಂದು ತಿದ್ದುಪಡಿ ಸೇರಿಸಿ, ಆ ದುಡ್ಡಲ್ಲಿ ಪುಸ್ತಕ ಕೊಳ್ಳಲು ಅಲ್ಲಿಯ ಸಂಸತ್ತಿನ ದೊಡ್ಡ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಅನುಮತಿ ಕೊಟ್ಟರು. 1962ರಲ್ಲಿ ದೆಹಲಿಯಲ್ಲಿ ಕಚೇರಿ ಶುರುವಾಯಿತು. ಹಿಂದಿ, ತಮಿಳು, ಬಂಗಾಳಿ, ಕನ್ನಡ ಹೀಗೆ ಎಲ್ಲ ಭಾಷೆಯ ಪುಸ್ತಕ, ಪತ್ರಿಕೆಗಳನ್ನು ಕೊಂಡು ಕಟ್ಟು ಕಟ್ಟಿ ಷಿಕಾಗೋ, ವಿಸ್ಕಾನ್ಸಿನ್, ಬರ್ಕ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳಿಗೆ ಕಳಿಸಿದರು. ಮೈಸೂರಿನಿಂದ ಹೋದ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಕಾಲವೂ ಅದೇ. ಇಲ್ಲಿ ಸಾವಿರ ಪ್ರತಿ ಅಚ್ಚಾಗಿ ಮರೆತುಹೋದ ಕಾದಂಬರಿ, ನಿಂತುಹೋದ ಸಣ್ಣ ಪತ್ರಿಕೆ ಅಲ್ಲಿ ಕಪಾಟಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಆ ದೆಹಲಿ ಕಚೇರಿ ಗೋಧಿ ನಿಂತ ಮೇಲೂ ಕೊಳ್ಳುತ್ತಲೇ ಇತ್ತು.

1664 ಕೋಟಿ ರೂಪಾಯಿಯ ಚೆಕ್ ಕಥೆ ನಿಜವೇ?

ನಿಜ. 1971ರ ಹೊತ್ತಿಗೆ ಬಾಂಗ್ಲಾ ಯುದ್ಧ, ಅಧ್ಯಕ್ಷ ನಿಕ್ಸನ್, ಬಂಗಾಳ ಕೊಲ್ಲಿಗೆ ಬಂದ ಅಮೆರಿಕದ ಯುದ್ಧನೌಕೆ ಎಲ್ಲಾ ಸೇರಿ ಸಂಬಂಧ ಕೆಟ್ಟಿತ್ತು. ಇತ್ತ ಬೆಳೆಯೂ ಚೆನ್ನಾಗಿತ್ತು. ರಿಯಾಯಿತಿ ಗೋಧಿ ಸಾಕು ಅಂತ ಭಾರತವೇ ನಿಲ್ಲಿಸಿತು. ಉಳಿದದ್ದು ಅಮೆರಿಕದ ಖಾತೆಯ ರೂಪಾಯಿ ಗುಡ್ಡ. ಅಷ್ಟೊಂದು ಹಣವನ್ನು ಹೊರದೇಶವೊಂದು ಒಮ್ಮೆಗೇ ಖರ್ಚಿಗೆ ಇಳಿಸಿದರೆ ಬೆಲೆಗಳ ಗತಿ ಏನು? ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಮಾತುಕತೆ ನಡೆಸಿ, ದೊಡ್ಡ ಪಾಲನ್ನು ಭಾರತಕ್ಕೇ ಬಿಟ್ಟುಕೊಡಲು ತಮ್ಮ ಸರ್ಕಾರವನ್ನು ಒಪ್ಪಿಸಿದರು. 1974ರ ಫೆಬ್ರುವರಿ 18ರಂದು ದೆಹಲಿಯಲ್ಲಿ ಚೆಕ್ ಕೈ ಬದಲಾಯಿತು. 16,640,000,000 ರೂಪಾಯಿ. ಆಗ ಲೋಕದಲ್ಲೇ ದೊಡ್ಡ ಚೆಕ್ ಅಂತ ಗಿನ್ನೆಸ್ ದಾಖಲೆಗೂ ಹೋಯಿತು. ದುಡ್ಡು ದೇಶ ಬಿಟ್ಟು ಯಾವತ್ತೂ ಹೋಗಿರಲಿಲ್ಲ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಯಿತು ಅಷ್ಟೇ.

ಬೇರೆ ದೇಶಗಳಿಗೂ ಹೀಗೆ ಹಗ್ಗ ಎಳೆದಿದ್ದಾರಾ?

1974ರ ಬಾಂಗ್ಲಾದೇಶ ನೋಡಿ. ಹೊಸ ದೇಶ, ಪ್ರವಾಹ, ಕ್ಷಾಮ. ಅದು ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತ್ತು. ಕ್ಯೂಬಾದ ಜೊತೆ ವ್ಯಾಪಾರ ಮಾಡುವವರಿಗೆ ಪಿಎಲ್-480 ಧಾನ್ಯ ಇಲ್ಲ ಅನ್ನುವ ಷರತ್ತು ಕಾನೂನಿನಲ್ಲಿತ್ತು. ವ್ಯಾಪಾರ ನಿಲ್ಲಿಸುವ ತನಕ ಧಾನ್ಯ ತಡೆದರು. ಅದು ಹೊರಡುವ ಹೊತ್ತಿಗೆ ಸಾಯಬೇಕಾದವರು ಸತ್ತಿದ್ದರು. ಅದೇ ವರ್ಷ ಅಮೆರಿಕದ ಕೃಷಿ ಕಾರ್ಯದರ್ಶಿ ಅರ್ಲ್ ಬಟ್ಜ್ ಆಹಾರವೂ ಒಂದು ಅಸ್ತ್ರ ಅಂತ ಬಾಯಿಬಿಟ್ಟೇ ಹೇಳಿದರು. ಅದಕ್ಕೂ ಮುಂಚೆ 1957ರಲ್ಲಿ ಸೆನೆಟರ್ ಹ್ಯೂಬರ್ಟ್ ಹಂಫ್ರಿ, ಜನ ನಮ್ಮ ಮೇಲೆ ಒರಗಿಕೊಳ್ಳಬೇಕಾದರೆ ಊಟಕ್ಕೆ ಒರಗಿಕೊಳ್ಳುವುದಕ್ಕಿಂತ ಒಳ್ಳೇ ದಾರಿ ಇಲ್ಲ ಅನ್ನುವ ಅರ್ಥದ ಮಾತಾಡಿದ್ದರು. ಅವರು ಉದಾರವಾದಿ, ಬಡವರ ಪರ ಅಂತ ಹೆಸರಾದವರು.

ಆ ಕಾನೂನು ಈಗಲೂ ಇದೆಯಾ?

ಇದೆ. 2008ರಲ್ಲಿ 'ಶಾಂತಿಗಾಗಿ ಆಹಾರ' ಅನ್ನುವುದೇ ಅದರ ಅಧಿಕೃತ ಹೆಸರಾಯಿತು. ಸಾಲದ ಮೇಲೆ ಮಾರುವ ಮೊದಲ ಭಾಗ ಮೂಲೆ ಸೇರಿದೆ, ಎರಡನೇ ಭಾಗದ ದಾನವನ್ನು ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ನೋಡಿಕೊಳ್ಳುತ್ತಿತ್ತು. 2025ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು. ಆಗ ಗೋದಾಮಿನಲ್ಲಿ ಧಾನ್ಯ ಉಳಿಯಿತಲ್ಲ, ಕೊಳ್ಳುವವರು ಯಾರು ಅಂತ ಮೊದಲು ಕೂಗಿದವರಲ್ಲಿ ಕಾನ್ಸಸ್ ಕಡೆಯ ಸಂಸದರೂ ಇದ್ದರು.

ಇವತ್ತಿನ ಬಿಸಿಯೂಟದಲ್ಲಿ ಅಮೆರಿಕದ ಪಾಲು ಇದೆಯಾ?

ಇಲ್ಲ. 2002ರಲ್ಲಿ ಶುರುವಾದ ನಮ್ಮ ಅಕ್ಷರ ದಾಸೋಹದ ಅಕ್ಕಿ ಆಹಾರ ನಿಗಮದ ಗೋದಾಮಿನದು.

ಆ ಹಳದಿ ಉಪ್ಪಿಟ್ಟನ್ನು ಮನೆಯಲ್ಲಿ ಮಾಡಬಹುದಾ?

ಮಾಡಬಹುದು. ಮೆಕ್ಕೆಜೋಳದ ಸಣ್ಣ ರವೆ ನಾಲ್ಕು ಪಾಲು, ಸೋಯಾ ಹಿಟ್ಟು ಒಂದು ಪಾಲು, ಸ್ವಲ್ಪ ಹಾಲಿನ ಪುಡಿ. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಸೋಯಾ ಎಣ್ಣೆ. ಈರುಳ್ಳಿ ಹಾಕಬೇಡಿ, ಶಾಲೆಯಲ್ಲಿ ಹಾಕುತ್ತಿರಲಿಲ್ಲವಂತೆ. ನೀರು ಜಾಸ್ತಿ ಆದರೆ ಗಂಜಿಯಾಗುತ್ತದೆ. ನಾನು ಎರಡು ಸಲ ಮಾಡಿದೆ. ಎರಡನೇ ಸಲ ಅಪ್ಪ ತಟ್ಟೆ ಖಾಲಿ ಮಾಡಿ, ತಳ ಹಿಡಿದಿಲ್ಲವಲ್ಲ, ಇದು ಅದಲ್ಲ ಅಂದರು.